ದಿಲ್ಲಿಯ ಚಳಿಗೆ ಏನು ಒಯ್ಯಬೇಕು: ಹೊರಡುವ ಮೊದಲು ಒಮ್ಮೆ ನಂದಿ ಬೆಟ್ಟ ಹತ್ತಿ ನೋಡಿ

ನಾನು ಮೊದಲ ಸಲ ಜನವರಿಯಲ್ಲಿ ದಿಲ್ಲಿಗೆ ಹೊರಟಾಗ ಮನೆಯವರೆಲ್ಲ ಸೇರಿ ಹೆದರಿಸಿದ್ದರು. ಅಲ್ಲಿನ ಚಳಿ ನಮ್ಮ ಚಳಿಯಲ್ಲ, ಮೂಳೆಗೇ ಇಳಿಯುತ್ತೆ, ಸುಮ್ನೆ ಒಂದು ಸ್ವೆಟರ್ ಹಾಕಿಕೊಂಡು ಹೋಗಬೇಡ ಅಂತ. ಅಮೆರಿಕದಲ್ಲಿ ಇದ್ದು ಬಂದ ಭಾವನ ಹತ್ತಿರ ಹಿಮಕ್ಕೆ ಹಾಕುವ ಜಾಕೆಟ್ ಇತ್ತು. ಅದನ್ನೇ ಇಸಿದುಕೊಂಡೆ. ಮಂಡಿಯವರೆಗೆ ಬರುತ್ತಿತ್ತು, ತೂಕ ಎರಡು ಕೆಜಿಗೆ ಹತ್ತಿರ. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿದವರು ಇವನು ಹಿಮಾಲಯಕ್ಕೇ ಹೊರಟ ಅಂದುಕೊಂಡಿರಬೇಕು.

ಬೆಳಗ್ಗೆ ಇಂಡಿಯಾ ಗೇಟ್ ಹತ್ತಿರ ಮಂಜಿನಲ್ಲಿ ನಿಂತಾಗ ಭಾವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಹನ್ನೊಂದಕ್ಕೆ ಮೆಟ್ರೋ ಹತ್ತಿದೆ. ಕಾಲಿಡಲು ಜಾಗವಿಲ್ಲ, ಒಳಗೆ ಸೆಕೆ, ಜಾಕೆಟ್ ಬಿಚ್ಚೋಣ ಎಂದರೆ ಕೈ ಎತ್ತಲೂ ಆಗದು. ಚಾಂದನಿ ಚೌಕದಲ್ಲಿ ಇಳಿಯುವ ಹೊತ್ತಿಗೆ ಒಳಗಿನ ಅಂಗಿ ಬೆವರಿಗೆ ತೊಯ್ದು ಹೋಗಿತ್ತು. ಮಧ್ಯಾಹ್ನವೆಲ್ಲ ಅದನ್ನು ನಿದ್ದೆ ಹೋದ ಮಗುವಿನ ಹಾಗೆ ತೋಳಿನ ಮೇಲೆ ಹೊತ್ತು ತಿರುಗಿದೆ. ಸಂಜೆ ಬಿಸಿಲು ಇಳಿಯಿತು, ಒದ್ದೆ ಅಂಗಿ ತಣ್ಣಗಾಯಿತು, ಆಮೇಲೆ ಜಾಕೆಟ್ ತೊಟ್ಟರೂ ನಡುಕ ನಿಲ್ಲಲಿಲ್ಲ. ರಾತ್ರಿ ಹೋಟೆಲ್ ರೂಮಿಗೆ ಬಂದರೆ ಹೊರಗಿಗಿಂತ ಒಳಗೇ ಚಳಿ ಜಾಸ್ತಿ ಅನ್ನಿಸಿತು.

ಆಮೇಲೆ ನಾಲ್ಕು ಸಲ ಚಳಿಗಾಲದಲ್ಲೇ ಅತ್ತ ಹೋಗಿ ಬಂದಿದ್ದೇನೆ. ಎರಡು ಸಲ ಅಮ್ಮ ಮತ್ತು ಸೋದರತ್ತೆ ಜೊತೆಗಿದ್ದರು. ಈಗ ಯಾವ ಬೆಚ್ಚನೆಯ ಬಟ್ಟೆ ಕೈಗೆ ತೆಗೆದುಕೊಂಡರೂ ಮೊದಲು ಕೇಳಿಕೊಳ್ಳುವುದು ಒಂದೇ: ಬಿಚ್ಚಿದ ಮೇಲೆ ಇದನ್ನು ಎಲ್ಲಿಡುವುದು? ಇದಕ್ಕೆ ಉತ್ತರವಿಲ್ಲದ ಬಟ್ಟೆ ನನ್ನ ಬ್ಯಾಗಿಗೆ ಬರುವುದಿಲ್ಲ.

ಮೊದಲು ಗಂಟೆಗಳ ಲೆಕ್ಕ

ಬಟ್ಟೆ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಪ್ರವಾಸದ ಒಂದು ದಿನ ಎಷ್ಟು ಗಂಟೆಗೆ ಎಲ್ಲಿರುತ್ತೀರಿ ಅಂತ ಬರೆಯಿರಿ. ಪಕ್ಕದಲ್ಲಿ ಕೂತಿರುತ್ತೀರೋ, ನಡೆಯುತ್ತಿರುತ್ತೀರೋ, ಗಾಳಿ ಬಡಿಯುತ್ತೋ ಇಲ್ಲವೋ ಎಂದೂ ಬರೆಯಿರಿ.

ಯಾಕೆಂದರೆ ದಿಲ್ಲಿಯ ಜನವರಿಯಲ್ಲಿ ರಾತ್ರಿ ಸರಾಸರಿ 7–8 ಡಿಗ್ರಿ, ಮಧ್ಯಾಹ್ನ 20ರ ಆಸುಪಾಸು. ಒಂದೇ ದಿನದಲ್ಲಿ ಹನ್ನೆರಡು ಡಿಗ್ರಿ ವ್ಯತ್ಯಾಸ. ನಮ್ಮಲ್ಲೂ ಮಾಗಿಯ ಬೆಳಗ್ಗೆ 15ರ ಹತ್ತಿರ, ಕೆಲವು ದಿನ ಇನ್ನೂ ಕಡಿಮೆ ಇರುತ್ತದೆ. ಆದರೆ ಒಂಬತ್ತು ಗಂಟೆಗೆ ಬಿಸಿಲು ಬಿತ್ತೆಂದರೆ ಚಳಿ ಮುಗಿಯಿತು, ಸ್ವೆಟರ್ ಗೂಟಕ್ಕೆ. ಅಲ್ಲಿ ಹಾಗಿಲ್ಲ. ಜನವರಿ ಮೊದಲ ವಾರದಲ್ಲಿ ಸೂರ್ಯ ಹುಟ್ಟುವುದೇ 7.15ರ ಹೊತ್ತಿಗೆ, 5.35ರ ಹೊತ್ತಿಗೆಲ್ಲ ಮುಳುಗುತ್ತಾನೆ. ಮಂಜು ಕವಿದ ದಿನವಾದರೆ ಮಧ್ಯಾಹ್ನ ಒಂದು ಗಂಟೆಗೂ ಬಿಸಿಲಿಲ್ಲ, 14–15 ಡಿಗ್ರಿ ದಾಟುವುದೇ ಕಷ್ಟ. ಬಯಲು ಪ್ರದೇಶದಲ್ಲಿ ಕನಿಷ್ಠ ತಾಪಮಾನ 4 ಡಿಗ್ರಿಗೋ ಅದಕ್ಕಿಂತ ಕೆಳಕ್ಕೋ ಇಳಿದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎನ್ನುತ್ತದೆ. ಅಂಥ ದಿನಗಳು ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಯಾವಾಗ ಬೇಕಾದರೂ ಬರಬಹುದು. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಎಂಬ ನಮ್ಮ ಮಾತು ದಿಲ್ಲಿಗೂ ಹೆಚ್ಚು ಕಡಿಮೆ ಹೊಂದುತ್ತದೆ. ಫೆಬ್ರವರಿ ಕೊನೆಗೆ ಹೋಗುವವರಾದರೆ ಒಂದು ಸ್ವೆಟರ್, ಒಂದು ಶಾಲು ಸಾಕು. ಮುಂದೆ ಓದಬೇಕಾಗಿಯೂ ಇಲ್ಲ.

ಹಾಳೆಯಲ್ಲಿ ಮರೆಯದೆ ಬರೆಯಬೇಕಾದ್ದು ಕೂರುವ ಗಂಟೆಗಳು. ನಡೆಯುವಾಗ ಮೈಯೇ ಬಿಸಿ ಹುಟ್ಟಿಸುತ್ತದೆ. ಕೂತಾಗ ಅದು ಆರುತ್ತದೆ. ಗಣರಾಜ್ಯೋತ್ಸವದ ಪರೇಡ್ ನೋಡಲು ಹೋಗುವವರು ಇದನ್ನು ತಿಳಿದಿರಲೇಬೇಕು. ಬೆಳಗ್ಗೆ ಬೇಗ ಹೋಗಿ ಕರ್ತವ್ಯಪಥದಲ್ಲಿ ಗಂಟೆಗಟ್ಟಲೆ ಕೂರಬೇಕು, ಭದ್ರತೆಯ ಕಾರಣಕ್ಕೆ ಬ್ಯಾಗು ಒಳಗೆ ಬಿಡುವುದಿಲ್ಲ. ಮೈಮೇಲೆ ಏನಿದೆಯೋ ಅಷ್ಟೇ ನಿಮ್ಮ ಆಸ್ತಿ. ಬೆಳಗಿನ ಜಾವ ಕಾರಿನಲ್ಲಿ ಆಗ್ರಾಕ್ಕೆ ಹೋಗುವುದೂ ಕೂರುವ ಲೆಕ್ಕಕ್ಕೇ ಬರುತ್ತದೆ.

ಇನ್ನೊಂದು, ನಮ್ಮವರಿಗೆ ಯಾರೂ ಮೊದಲೇ ಹೇಳದ ವಿಷಯ: ದಿಲ್ಲಿಯ ಮನೆಗಳಿಗೆ, ಸಾಧಾರಣ ಹೋಟೆಲುಗಳಿಗೆ ಚಳಿಗಾಲದಲ್ಲಿ ಒಳಗೆ ಬಿಸಿ ಮಾಡುವ ವ್ಯವಸ್ಥೆ ಇರುವುದಿಲ್ಲ. ಬೇಸಿಗೆಯ ಬಿಸಿಲು ತಡೆಯಲೆಂದು ಕಟ್ಟಿದ ಕಟ್ಟಡಗಳು ಅವು. ಗೋಡೆ, ನೆಲ ಎಲ್ಲ ಫ್ರಿಜ್ಜಿನ ಹಾಗೆ ತಣ್ಣಗಿರುತ್ತವೆ. ಹೀಟರ್ ಕೇಳಿದರೆ ಬಾಡಿಗೆಗೆ ಕೊಡುವವರೂ ಇದ್ದಾರೆ. ಅದಕ್ಕೇ ರೂಮಿನೊಳಗೆ ಹಾಕಿಕೊಂಡು ಮಲಗಬಲ್ಲ ಒಂದು ಮೆತ್ತನೆಯ ಬಟ್ಟೆ ಬೇಕೇ ಬೇಕು. ನನ್ನ ಭಾವನ ಜಾಕೆಟ್ ಹಾಕಿಕೊಂಡು ಮಲಗಿದ ರಾತ್ರಿ, ಮಗ್ಗುಲು ಬದಲಿಸಿದಾಗಲೆಲ್ಲ ಜಿಪ್ಪು ಗಲ್ಲಕ್ಕೆ ಚುಚ್ಚುತ್ತಿತ್ತು.

ಬೀರು ತೆಗೆಯಿರಿ, ಅಂಗಡಿಗೆ ಆಮೇಲೆ

ನಿಮಗೆ ಬೇಕಾದ ಮುಕ್ಕಾಲು ಪಾಲು ಸಾಮಾನು ಮನೆಯಲ್ಲೇ ಇರುತ್ತದೆ. ಎಲ್ಲವನ್ನೂ ಹಾಸಿಗೆ ಮೇಲೆ ಹರಡಿ.

ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯೊಳಗೆ ಸಿಕ್ಕಿಬಿದ್ದ ಗಾಳಿ. ಅದಕ್ಕೇ ಒಂದು ದಪ್ಪ ಬಟ್ಟೆಗಿಂತ ಮೂರು ತೆಳುವಾದವು ಹೆಚ್ಚು ಕೆಲಸ ಮಾಡುತ್ತವೆ, ಬೇಡವಾದಾಗ ಒಂದೊಂದೇ ತೆಗೆಯಬಹುದು. ಮೈಗೆ ಅಂಟಿದ್ದು ಒಂದು, ಬಿಸಿ ಹಿಡಿದಿಡುವುದು ಒಂದು, ಗಾಳಿ ತಡೆಯುವುದು ಒಂದು.

ಮೈಗೆ ಅಂಟುವುದಕ್ಕೆ ಥರ್ಮಲ್ ಇನ್ನರ್ ಎರಡು ಜೊತೆ ಇರಲಿ. ಇಲ್ಲದಿದ್ದರೆ ಕೊಳ್ಳಿ, ದುಬಾರಿಯೇನಲ್ಲ. ಹತ್ತಿ ಬನಿಯನ್ ಮೇಲೆ ಥರ್ಮಲ್ ಹಾಕಬೇಡಿ. ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಗಾಳಿಗಿಂತ ನೀರು ಸುಮಾರು ಇಪ್ಪತ್ತೈದು ಪಟ್ಟು ಬೇಗ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಚಾಂದನಿ ಚೌಕದಲ್ಲಿ ನನ್ನನ್ನು ನಡುಗಿಸಿದ್ದು ಚಳಿಯಲ್ಲ, ಆ ಬನಿಯನ್.

ಎರಡನೆಯದಕ್ಕೆ ಉಲ್ಲನ್ ಸ್ವೆಟರ್. ಕುರಿ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಮಂಜಿನ ಊರಿಗೆ ಇದಕ್ಕಿಂತ ಇನ್ನೇನು ಬೇಕು? ಅಮ್ಮನೋ ಅಜ್ಜಿಯೋ ಹೆಣೆದುಕೊಟ್ಟ ಹಳೇ ಸ್ವೆಟರ್ ಇದ್ದರೆ ಅದು ಚಿನ್ನ. ಆದರೆ ಮುಂದೆ ಬಿಚ್ಚುವಂಥದ್ದನ್ನು ಆರಿಸಿ. ತಲೆಯ ಮೇಲಿಂದ ಎಳೆದು ತೆಗೆಯುವ ಸ್ವೆಟರನ್ನು ಮೆಟ್ರೋದಲ್ಲಿ ತೆಗೆಯಲು ಹೋಗಿ ಪಕ್ಕದವರ ಕನ್ನಡಕಕ್ಕೆ ಮೊಣಕೈ ತಾಗಿಸಿದ್ದೇನೆ. ಉಲ್ಲನ್ ಚುಚ್ಚುತ್ತೆ ಅನ್ನುವವರಿಗೆ ಫ್ಲೀಸ್ ಎಂಬ ಮೆತ್ತನೆಯ ಪಾಲಿಯೆಸ್ಟರ್ ಬಟ್ಟೆಯದು ಒಳ್ಳೆಯದು, ಹಗುರ, ಒಗೆದರೆ ಬೇಗ ಒಣಗುತ್ತದೆ. ರಾತ್ರಿ ಮಲಗುವಾಗಲೂ ಅದೇ ಆಗುತ್ತದೆ.

ಜೀನ್ಸ್ ಜಾಕೆಟ್ ಬೀರುವಿನಲ್ಲೇ ಇರಲಿ. ಹತ್ತಿಯದೇ ಅದು, ಭಾರ, ಮಂಜಿಗೆ ತೇವ ಹಿಡಿದರೆ ಸಂಜೆವರೆಗೂ ಒಣಗುವುದಿಲ್ಲ. ಕಾಲೇಜು ಹುಡುಗರು ಒಪ್ಪುವುದಿಲ್ಲ, ಗೊತ್ತು. ಚರ್ಮದ ಜಾಕೆಟ್ ಗಾಳಿ ತಡೆಯುತ್ತದೆ, ಆದರೆ ಬ್ಯಾಗಿನಲ್ಲಿ ಮಡಚಿ ಇಡಲಾಗದು, ನನ್ನ ಪ್ರಶ್ನೆಯಲ್ಲೇ ಅದು ಫೇಲು. ಕಂಬಳಿ ಇದೆಯಲ್ಲ ಅನ್ನಬಹುದು. ಹೊಲದಲ್ಲಿ ರಾಗಿ ಕಣ ಕಾಯುವವರಿಗೆ ಕುರುಬರ ಕಂಬಳಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಗಾಳಿ, ಇಬ್ಬನಿ, ಸೋನೆ ಮಳೆ ಎಲ್ಲಕ್ಕೂ ಜಗ್ಗದು. ಮೆಟ್ರೋ ಹತ್ತಲು ಮಾತ್ರ ಬೇಡ.

ಜರ್ಕಿನ್ ಒಂದನ್ನು ಮಾತ್ರ ನೋಡಿ ಕೊಳ್ಳಿ

ಮೂರನೆಯದು, ಗಾಳಿ ತಡೆಯುವ ಜರ್ಕಿನ್. ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ.

ಅಂಗಡಿಗೆ ಹೋಗುವಾಗ ಸ್ವೆಟರ್ ಹಾಕಿಕೊಂಡೇ ಹೋಗಿ. ನವೆಂಬರಿನ ಬಿಸಿಲಿನಲ್ಲಿ ಜನ ನೋಡಿ ನಗುತ್ತಾರೆ, ನಗಲಿ. ಸ್ವೆಟರ್ ಮೇಲೆ ಜರ್ಕಿನ್ ಹಾಕಿ ಜಿಪ್ಪು ಕುತ್ತಿಗೆವರೆಗೆ ಎಳೆಯಿರಿ. ಎರಡೂ ಕೈ ಮೇಲೆತ್ತಿ, ಬಸ್ಸಿನಲ್ಲಿ ಮೇಲಿನ ಸರಳು ಹಿಡಿದ ಹಾಗೆ. ಸೊಂಟ ಬಯಲಾದರೆ ಉದ್ದ ಸಾಲದು. ಕೈ ಕಟ್ಟಿಕೊಂಡು ನೋಡಿ. ಬೆನ್ನು ಬಿಗಿದರೆ ಒಂದು ಸೈಜ್ ದೊಡ್ಡದು ಕೇಳಿ. ಬಿಗಿಯಾದ ಜರ್ಕಿನ್ ಒಳಗಿನ ಸ್ವೆಟರನ್ನು ಅದುಮಿ ಅದರೊಳಗಿನ ಗಾಳಿಯನ್ನೇ ಹೊರಹಾಕುತ್ತದೆ. ಆಗ ಸ್ವೆಟರ್ ಹಾಕಿಯೂ ಹಾಕದ ಹಾಗೆ.

ಆಮೇಲೆ ತೋಳಿನ ಬಟ್ಟೆಯನ್ನು ಬಾಯಿಗಿಟ್ಟು ಜೋರಾಗಿ ಊದಿ. ಉಸಿರು ಆಚೆ ಕಡೆ ಕೈಗೆ ತಾಗಿದರೆ ಅದು ಗಾಳಿ ತಡೆಯುವ ಬಟ್ಟೆಯಲ್ಲ, ಬೆಲೆ ಎಷ್ಟೇ ಇರಲಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ಇದೊಂದು ಪರೀಕ್ಷೆ ನನಗೆ ಎರಡು ಸಲ ದುಡ್ಡು ಉಳಿಸಿದೆ.

ತಲೆಗೆ ಎಳೆದುಕೊಳ್ಳುವ ಟೋಪಿ ಇರಲಿ, ತೋಳಿನ ತುದಿಯಲ್ಲಿ ಎಲಾಸ್ಟಿಕ್ ಇರಲಿ, ಒಳಗಡೆ ಜಿಪ್ಪಿರುವ ಒಂದು ಜೇಬು ಇರಲಿ. ಒಳಜೇಬಿನ ಬೆಲೆ ದಿಲ್ಲಿಯ ಸರೋಜಿನಿ ನಗರ ಮಾರುಕಟ್ಟೆಯ ಜನಜಂಗುಳಿಯಲ್ಲಿ ಗೊತ್ತಾಗುತ್ತದೆ.

ತುಂಬಿದ್ದೇನು ಎಂಬ ವಿಷಯಕ್ಕೆ ಬರೋಣ. ಉಬ್ಬುಬ್ಬಾಗಿ ಗೆರೆ ಹೊಲಿದಿರುತ್ತಾರಲ್ಲ, ಆ ಜಾಕೆಟುಗಳಲ್ಲಿ ಎರಡು ಜಾತಿ. ಒಂದರಲ್ಲಿ ಪಾಲಿಯೆಸ್ಟರ್ ನಾರು, ಇನ್ನೊಂದರಲ್ಲಿ ಬಾತುಕೋಳಿಯ ಮೆತ್ತನೆ ಪುಕ್ಕ, ಅದನ್ನು ಡೌನ್ ಅಂತಾರೆ. ಡೌನ್ ಹಗುರ, ಅಂಗೈಯಗಲಕ್ಕೆ ಮಡಚಬಹುದು, ತುಂಬ ಬೆಚ್ಚಗೆ. ಅದರ ಚೀಟಿಯಲ್ಲಿ 550, 650, 800 ಅಂತ ಫಿಲ್ ಪವರ್ ಬರೆದಿರುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಅಷ್ಟೇ ತೂಕದ ಪುಕ್ಕ ಹೆಚ್ಚು ಉಬ್ಬುತ್ತದೆ ಎಂದರ್ಥ. ದಿಲ್ಲಿಗೆ 550 ಧಾರಾಳ. ಒದ್ದೆಯಾದರೆ ಮಾತ್ರ ಡೌನ್ ಮುದ್ದೆಯಾಗಿ ಕೂತುಬಿಡುತ್ತದೆ. ಪಾಲಿಯೆಸ್ಟರ್ ನಾರು ಒದ್ದೆಯಾದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ, ಮನೆಯಲ್ಲೇ ಒಗೆಯಬಹುದು, ಬೆಲೆಯೂ ಕಡಿಮೆ. ನಾನು ಪಾಲಿಯೆಸ್ಟರ್ ಪಕ್ಷ. ಅಮ್ಮನಂತೂ ಪುಕ್ಕದ ವಿಷಯ ತಿಳಿದ ಕೂಡಲೇ "ಅಯ್ಯೋ, ಮೊದಲು ತೆಗಿ ಅದನ್ನ" ಅಂತ ಕೆಳಗಿಟ್ಟರು. ಮನೆಯಲ್ಲಿ ಮಡಿ, ಆಚಾರ ನೋಡುವ ಹಿರಿಯರಿಗೆ ಕೊಳ್ಳುವಾಗ ಚೀಟಿ ಓದಿ ಕೊಳ್ಳಿ.

ಪಾಶ್ಚಿಮಾತ್ಯ ಅಡಚಣೆ ಅಂತ ಹವಾಮಾನ ವರದಿಯಲ್ಲಿ ಕೇಳಿರುತ್ತೀರಿ, ಪಶ್ಚಿಮ ದಿಕ್ಕಿನಿಂದ ಮಳೆ ಮೋಡ ಹೊತ್ತು ತರುವ ಗಾಳಿ. ಅದು ಬಂದಾಗ ದಿಲ್ಲಿಯಲ್ಲಿ ಜನವರಿಯಲ್ಲೂ ಒಂದೆರಡು ದಿನ ಮಳೆ ಬೀಳುತ್ತದೆ. ಅದಕ್ಕಾಗಿ ಪೂರ್ತಿ ವಾಟರ್‌ಪ್ರೂಫ್ ಜಾಕೆಟ್ ಕೊಳ್ಳಬೇಕಿಲ್ಲ. ನೀರು ಜಾರುವ ಮೇಲ್ಬಟ್ಟೆ ಇದ್ದರೆ ಆಯಿತು, ಜೊತೆಗೆ ಒಂದು ಕೊಡೆ.

ಎಲ್ಲಿ ಕೊಳ್ಳುವುದು? ಚಳಿಗಾಲ ಬಂತೆಂದರೆ ನಮ್ಮ ಊರುಗಳ ರಸ್ತೆ ಬದಿಯಲ್ಲಿ ಟಿಬೆಟಿನವರು ಸ್ವೆಟರ್ ಅಂಗಡಿ ಹಾಕುತ್ತಾರೆ. ಲೂಧಿಯಾನದ ಮಾಲೇ ಹೆಚ್ಚು. ಸ್ವೆಟರ್, ಮಫ್ಲರ್, ಮಂಕಿ ಟೋಪಿಗೆ ಅದು ಸಾಕು. ಜರ್ಕಿನ್ನಿಗೆ ಬೆಂಗಳೂರಿನ ಡೆಕಾಥ್ಲಾನ್‌ನಂಥ ಅಂಗಡಿ ಅನುಕೂಲ, ಹಾಕಿ ನೋಡಬಹುದು. ದಿಲ್ಲಿಗೇ ಹೋಗಿ ಸರೋಜಿನಿ ನಗರ, ಜನಪಥ್, ಕಾಶ್ಮೀರಿ ಗೇಟ್ ಹತ್ತಿರದ ಮೊನಾಸ್ಟರಿ ಮಾರ್ಕೆಟ್‌ನಲ್ಲಿ ಕಡಿಮೆ ಬೆಲೆಗೆ ಕೊಳ್ಳುತ್ತೇನೆ ಅನ್ನುವವರೂ ಇದ್ದಾರೆ. ಬೆಲೆ ಕಡಿಮೆ, ನಿಜ. ಆದರೆ ಸರೋಜಿನಿ ನಗರಕ್ಕೆ ಸೋಮವಾರ ರಜೆ. ಭಾನುವಾರ ರಾತ್ರಿ ಇಳಿದವರು ಸೋಮವಾರ ಇಡೀ ನಡುಗಬೇಕು. ಅಂಗಡಿಯವರೆಗೆ ಹೋಗಲಾದರೂ ಒಂದು ಜರ್ಕಿನ್ ಬೇಕಲ್ವಾ?

ನಂದಿಯಲ್ಲಿ ಪರೀಕ್ಷೆ

ಈ ಒಂದು ವಿಷಯದಲ್ಲಿ ಚಿಕ್ಕಬಳ್ಳಾಪುರದವರು ಪುಣ್ಯವಂತರು. ಚಳಿ ಬಟ್ಟೆ ಪರೀಕ್ಷಿಸಲು ನಮಗೆ ಮನೆ ಪಕ್ಕದಲ್ಲೇ ಬೆಟ್ಟವಿದೆ.

ನಂದಿಯ ಎತ್ತರ 1478 ಮೀಟರ್. ನಮ್ಮ ಊರಿಗಿಂತ ಐನೂರು ಮೀಟರಿಗೂ ಹೆಚ್ಚು ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಕಡಿಮೆಯಾಗುತ್ತದೆ ಎಂಬ ಲೆಕ್ಕದಲ್ಲಿ ಮೇಲೆ ಮೂರು ಡಿಗ್ರಿ ಹೆಚ್ಚು ಚಳಿ. ಅದರ ಜೊತೆ ಗಾಳಿ, ಮಂಜು. ಡಿಸೆಂಬರಿನಲ್ಲಿ ಒಂದು ದಿನ, ವಾರದ ನಡುವೆ (ಶನಿವಾರ, ಭಾನುವಾರ ಬೆಂಗಳೂರೇ ಅಲ್ಲಿಗೆ ಬಂದಿರುತ್ತದೆ), ಒಯ್ಯಬೇಕೆಂದಿರುವ ಮೂರೂ ಬಟ್ಟೆ ತೊಟ್ಟು ಸ್ಕೂಟರಿನಲ್ಲಿ ಹೊರಡಿ. ಸ್ಕೂಟರೇ ಯಾಕೆ ಅಂದರೆ, 10 ಡಿಗ್ರಿ ಇರುವಾಗ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಮೈಗೆ 6 ಡಿಗ್ರಿ ಇದ್ದ ಹಾಗೆ ಅನ್ನಿಸುತ್ತದೆ. ಪುಕ್ಕಟೆಯಾಗಿ ದಿಲ್ಲಿಯ ಬೆಳಗು ಸಿಕ್ಕಿತು.

ದಾರಿಯಲ್ಲಿ ಗಾಳಿ ಎಲ್ಲಿ ನುಗ್ಗುತ್ತದೆ ಗಮನಿಸಿ. ಜಿಪ್ಪಿನ ಸಂದಿಯಲ್ಲೇ, ಮಣಿಕಟ್ಟಿನಲ್ಲೇ, ಕುತ್ತಿಗೆಯಲ್ಲೇ? ನನ್ನ ಮೊದಲ ಜರ್ಕಿನ್ನಿನ ಕೆಳಗಡೆ ಲಾಡಿ ಇರಲಿಲ್ಲ. ಗಾಳಿ ಸೊಂಟದಿಂದ ನುಗ್ಗಿ ಬೆನ್ನಿನಲ್ಲಿ ಬಲೂನಿನಂತೆ ಉಬ್ಬಿತು. ದರ್ಜಿಯ ಹತ್ತಿರ ಎಲಾಸ್ಟಿಕ್ ಹಾಕಿಸಿದೆ, ಸರಿಹೋಯಿತು. ಮನೆಯಲ್ಲಿದ್ದಾಗ ಗೊತ್ತಾದ್ದರಿಂದ ಸರಿಹೋಯಿತು, ಅಲ್ಲಿ ಹೋಗಿ ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆ?

ಮೇಲೆ ಹೋಗಿ ಟಿಪ್ಪು ಡ್ರಾಪ್ ಕಡೆ ಅರ್ಧ ಗಂಟೆ ಸುಮ್ಮನೆ ಕೂರಿ. ನಡೆಯಬೇಡಿ, ಕೂರಿ. ಕೂತು ತಡೆದುಕೊಂಡರೆ ಪರೇಡಿಗೂ ತಡೆಯುತ್ತೀರಿ, ಒಳಗೆ ಇನ್ನೊಂದು ತೆಳು ಸ್ವೆಟರ್ ಸೇರಿಸಿದರೆ ಮುಗಿಯಿತು. ಆಮೇಲೆ ಜರ್ಕಿನ್, ಸ್ವೆಟರ್ ಎರಡನ್ನೂ ಬಿಚ್ಚಿ ಬೆನ್ನಿನ ಬ್ಯಾಗಿಗೆ ತುಂಬಿ. ನೀರಿನ ಬಾಟಲಿ, ತಿಂಡಿ ಡಬ್ಬಿ ಜೊತೆಗೆ ಹಿಡಿಸಬೇಕು. ಹಿಡಿಸದಿದ್ದರೆ ಒಂದೋ ಬ್ಯಾಗು ಬದಲಿಸಿ, ಇಲ್ಲ ಜರ್ಕಿನ್ ಬದಲಿಸಿ. ಇಳಿದು ಬರುವಾಗ ಕಾಲಡಿಯ ನಂದಿಯಲ್ಲಿ ಭೋಗನಂದೀಶ್ವರನಿಗೆ ಕೈ ಮುಗಿದು ಬನ್ನಿ. ಧನುರ್ಮಾಸವಾದರೆ ಆ ಬೆಳಗಿನ ಸೊಗಸೇ ಬೇರೆ, ಅದು ಬೋನಸ್.

ಸೀರೆ ಉಡುವವರಿಗೆ

ಚಳಿಗಾಲದ ಪ್ರವಾಸದ ಸಲಹೆಗಳೆಲ್ಲ ಪ್ಯಾಂಟು ಹಾಕುವವರಿಗೇ ಬರೆದಂತಿರುತ್ತವೆ. ನಮ್ಮ ಮನೆಯ ಹೆಂಗಸರು ದಿಲ್ಲಿಗೆ ಹೊರಟರೂ ಸೀರೆಯೇ ಉಡುತ್ತಾರೆ. ಅಮ್ಮ, ಅತ್ತೆ ಇಬ್ಬರ ಜೊತೆ ಎರಡು ಪ್ರವಾಸ ಮಾಡಿ ಕಲಿತದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸೀರೆಯಲ್ಲಿ ಚಳಿ ನುಗ್ಗುವುದು ಕೆಳಗಿನಿಂದ. ಅದಕ್ಕೆ ಲಂಗದ ಒಳಗೆ ಥರ್ಮಲ್ ಲೆಗ್ಗಿಂಗ್ಸ್ ಹಾಕಿಸಿ. ಅತ್ತೆ ಮೊದಲು ಒಪ್ಪಲಿಲ್ಲ. "ಈ ವಯಸ್ಸಲ್ಲಿ ಅದೊಂದು ಕಮ್ಮಿಯಾಗಿತ್ತು" ಅಂದರು. ಆಗ್ರಾದಿಂದ ಬಂದ ರಾತ್ರಿ ತಾವೇ ಕೇಳಿ ಹಾಕಿಕೊಂಡರು. ಈಗ ಊರಲ್ಲೇ ಧನುರ್ಮಾಸಕ್ಕೆ ಹಾಕುತ್ತಾರೆ. ತೋಳು ಪೂರ್ತಿ ಇರುವ ರವಿಕೆ ಒಂದೆರಡು ಹೊಲಿಸಿಕೊಳ್ಳಿ. ದಿಲ್ಲಿಯ ಮಾರುಕಟ್ಟೆಯಲ್ಲಿ ಉಲ್ಲನ್ ರವಿಕೆಯೇ ಸಿಗುತ್ತದೆ, ಮೈಗೆ ಹಿಗ್ಗುವುದರಿಂದ ಅಳತೆಯ ತಲೆನೋವೂ ಕಡಿಮೆ. ಹತ್ತಿ ಸೀರೆಗಿಂತ ರೇಷ್ಮೆ ಬೆಚ್ಚಗೆ. ಶಿಡ್ಲಘಟ್ಟದ ಗೂಡಿನ ಸೀಮೆಯವರಿಗೆ ಇದನ್ನು ನಾನು ಹೇಳಬೇಕೆ? ಮದುವೆಗೆಂದು ಎತ್ತಿಟ್ಟ ಭಾರಿ ಜರಿಯದು ಬೇಡ, ದಿನ ಬಳಕೆಯ ತೆಳು ರೇಷ್ಮೆ ಸಾಕು. ಒಣಗುವುದೂ ಬೇಗ.

ಮೇಲೆ ಏನು? ಬರೀ ಶಾಲು ನಂಬಬೇಡಿ. ನೋಡಲು ಚೆಂದ, ಆದರೆ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮೊಮ್ಮಗು ಇದ್ದಾಗ ಶಾಲು ಹಿಡಿಯಲು ಮೂರನೇ ಕೈ ಬೇಕು. ಆಟೋದಲ್ಲಿ ಗಾಳಿಗೆ ಹಾರಿಯೇ ಹೋಗುತ್ತದೆ. ಗುಂಡಿ ಹಾಕುವ ತೆಳು ಸ್ವೆಟರನ್ನು ರವಿಕೆಯ ಮೇಲೆ, ಸೆರಗಿನ ಒಳಗೆ ಹಾಕಿಸಿ. ಸೆರಗು ಮೇಲೆ ಬರುವುದರಿಂದ ಸೀರೆ ಸೀರೆಯಂತೆಯೇ ಕಾಣುತ್ತದೆ. ಅದರ ಮೇಲೆ ಬೆಳಗ್ಗೆ, ಸಂಜೆ ಜರ್ಕಿನ್. ಜರ್ಕಿನ್ ಸೊಂಟದ ಕೆಳಗೆ ಒಂದು ಗೇಣು ಬರಬೇಕು. ಚೋಟುದ್ದದ್ದಾದರೆ ಕೂತಾಗ ಮೇಲೆದ್ದು ನೆರಿಗೆಯೆಲ್ಲ ಕೆದರುತ್ತದೆ. ತುರುಬು ಹಾಕುವವರಿಗೆ ಅದರ ಟೋಪಿ ಕೂರುವುದಿಲ್ಲ, ಉಲ್ಲನ್ ಸ್ಕಾರ್ಫ್ ಕಟ್ಟಿದರೆ ಮೇಲು.

ಬಣ್ಣವನ್ನೂ ಅವರೇ ಆರಿಸಲಿ. ಅಗ್ಗಕ್ಕೆ ಸಿಕ್ಕಿತೆಂದು ನಾನು ಅತ್ತೆಗೆ ಬೂದು ಬಣ್ಣದ ಗಂಡಸರ ಜರ್ಕಿನ್ ತಂದಿದ್ದೆ. ತಾಜ್ ಮಹಲಿನ ಮುಂದೆ ತೆಗೆದ ಫೋಟೋದಲ್ಲಿ ರಾತ್ರಿ ಪಾಳಿಯ ಕಾವಲುಗಾರರ ಹಾಗೆ ಕಾಣುತ್ತಾರೆ. ಇವತ್ತಿಗೂ ಆ ಫೋಟೋ ಯಾರಿಗೂ ತೋರಿಸುವುದಿಲ್ಲ. ಚಳಿಯ ಊರಿನಲ್ಲಿ ತೆಗೆದ ಪ್ರತಿ ಫೋಟೋದಲ್ಲೂ ಕಾಣುವುದು ಜರ್ಕಿನ್ನೇ, ಸೀರೆಯಲ್ಲ. ಅಂದಹಾಗೆ ತಾಜ್ ಶುಕ್ರವಾರ ಮುಚ್ಚಿರುತ್ತದೆ.

ಕಾಲಿಗೆ ಹೆಬ್ಬೆರಳು ಬೇರೆ ಮಾಡಿದ ಉಲ್ಲನ್ ಕಾಲುಚೀಲ ತನ್ನಿ, ಚಪ್ಪಲಿಗೂ ಆಗುತ್ತದೆ. ಕಾಲುಂಗುರಕ್ಕೆ ಉಲ್ಲನ್ ಎಳೆ ಸಿಕ್ಕಿಕೊಳ್ಳುತ್ತದೆ. ಒಳಗೆ ತೆಳುವಾದ ನೈಲಾನಿನದು ಹಾಕಿ ಮೇಲೆ ಉಲ್ಲನ್ ಹಾಕಿದರೆ ತೊಂದರೆಯಿಲ್ಲ. ಪಂಚೆ ಉಡುವ ಹಿರಿಯರಿಗೂ ಒಳಗೆ ಥರ್ಮಲ್, ಇಷ್ಟೇ ಸೂತ್ರ.

ಮಫ್ಲರ್, ಟೋಪಿ ಮತ್ತಿತರ ಚಿಲ್ಲರೆ

ಮಫ್ಲರ್ ಮರೆತರೆ ಜರ್ಕಿನ್ನಿನ ಅರ್ಧ ಕೆಲಸ ವ್ಯರ್ಥ. ಕುತ್ತಿಗೆಯ ಸಂದಿ ಮುಚ್ಚುವುದು ಅದೇ. ಬಾಂಗ್ಲಾ ಸಾಹಿಬ್ ಗುರುದ್ವಾರಕ್ಕೆ ಹೋದರೆ ತಲೆ ಮುಚ್ಚಬೇಕು, ಅಲ್ಲೂ ಅದೇ ಆಗುತ್ತದೆ. ಅಲ್ಲಿ ಬರಿಗಾಲಿನಲ್ಲಿ ಅಮೃತಶಿಲೆಯ ಮೇಲೆ ನಡೆಯಬೇಕು. ಜನವರಿಯ ಬೆಳಗ್ಗೆ ಆ ಕಲ್ಲು ಪಾದ ಕೊರೆಯುತ್ತದೆ, ಆದ್ದರಿಂದ ಅಂಥ ಕಡೆಗಳಿಗೆ ಬಿಸಿಲೇರಿದ ಮೇಲೆ ಹೋಗಿ. ಮಂಕಿ ಟೋಪಿ ಹಾಕಲು ನಾಚಿಕೆಯಾದರೆ ಕಿವಿ ಮುಚ್ಚುವ ಉಲ್ಲನ್ ಟೋಪಿ. ದಿಲ್ಲಿಯ ಚಳಿಗಾಲದ ಗಾಳಿಯಲ್ಲಿ ಹೊಗೆ, ಧೂಳು ಜಾಸ್ತಿ, ಎನ್-95 ಮಾಸ್ಕ್ ನಾಲ್ಕಿರಲಿ. ಮೂಗೂ ಬೆಚ್ಚಗಿರುತ್ತದೆ.

ಮಕ್ಕಳಿಗೆ ಕುಲಾವಿ, ಕೈಗವಸು, ಮತ್ತು ದೊಡ್ಡವರಿಗಿಂತ ಒಂದು ಪದರ ಜಾಸ್ತಿ. ಹೆಗಲ ಮೇಲೆ ಕೂತ ಮಗು ನಡೆಯುವುದಿಲ್ಲವಲ್ಲ, ನಿಮಗೆ ಬೆವರು ಬಂದಾಗಲೂ ಅದಕ್ಕೆ ಚಳಿಯೇ. ಜರ್ಕಿನ್ನಿನ ಒಳಗಡೆ ನಿಮ್ಮ ಫೋನ್ ನಂಬರ್ ಬರೆದ ಬಟ್ಟೆ ಚೂರು ಹೊಲಿದುಬಿಡಿ.

ತುಂಬುವಾಗ

ಎತ್ತಿಟ್ಟ ಉಲ್ಲನ್ ಬಟ್ಟೆಯನ್ನು ಹೊರಡುವ ಎರಡು ದಿನ ಮೊದಲೇ ಬಿಸಿಲಿಗೆ ಹಾಕಿ. ನುಸಿಗುಳಿಗೆಯ ವಾಸನೆ ಹೊತ್ತು ವಿಮಾನ ಹತ್ತಿದರೆ ಪಕ್ಕದವರು ಎರಡೂವರೆ ಗಂಟೆ ಮುಖ ತಿರುಗಿಸಿ ಕೂರುತ್ತಾರೆ.

ದೇಶದೊಳಗಿನ ಹೆಚ್ಚಿನ ವಿಮಾನಗಳಲ್ಲಿ ಕೌಂಟರಿನಲ್ಲಿ ಕೊಟ್ಟು ಕಳಿಸುವ ಬ್ಯಾಗಿಗೆ 15 ಕೆಜಿ, ಕೈಬ್ಯಾಗಿಗೆ 7 ಕೆಜಿ. ಮೈಮೇಲೆ ಹಾಕಿಕೊಂಡದ್ದಕ್ಕೆ ತೂಕವಿಲ್ಲ. ಆದ್ದರಿಂದ ಜರ್ಕಿನ್ ಕೈಯಲ್ಲೇ ಇರಲಿ, 15 ಕೆಜಿ ಬ್ಯಾಗಿಗೆ ಹಾಕಲೇಬೇಡಿ. ಒಮ್ಮೆ ನನ್ನ ಗೆಳೆಯನ ಬ್ಯಾಗು ಮರುದಿನ ಬಂತು. ಆ ರಾತ್ರಿ ಅವನು ಹೋಟೆಲಿನ ಎರಡು ರಜಾಯಿ ಹೊದ್ದು ಕೂತಿದ್ದ. ಭದ್ರತಾ ತಪಾಸಣೆಯಲ್ಲಿ ಜರ್ಕಿನ್ ಬಿಚ್ಚಿ ಟ್ರೇಗೆ ಹಾಕಿಸುತ್ತಾರೆ. ಫೋನು, ಪರ್ಸು, ಚಿಲ್ಲರೆ ಎಲ್ಲ ಅದರ ಜೇಬಿಗೇ ತುಂಬಿ ಜಿಪ್ಪು ಎಳೆದರೆ ಪರದಾಟವಿಲ್ಲ. ಪವರ್ ಬ್ಯಾಂಕ್ ಮಾತ್ರ ತೆಗೆದು ಬೇರೆಯಾಗಿ ಇಡಿ.

ಗಾಳಿ ಹೀರಿ ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲ ಜಾಗ ಉಳಿಸುತ್ತದೆ, ತೂಕ ಉಳಿಸುವುದಿಲ್ಲ. ಇದನ್ನು ಮರೆತು ಅದರಲ್ಲಿ ಆರು ಸ್ವೆಟರ್ ತುಂಬಿದವರು ಕೌಂಟರಿನಲ್ಲಿ ದಂಡ ಕಟ್ಟಿದ್ದನ್ನು ಕಂಡಿದ್ದೇನೆ. ಒಬ್ಬರಿಗೆ ಐದು ದಿನಕ್ಕೆ ಎರಡು ಥರ್ಮಲ್, ಒಂದು ಸ್ವೆಟರ್, ಒಂದು ಫ್ಲೀಸ್, ಒಂದು ಜರ್ಕಿನ್, ಒಂದು ಮಫ್ಲರ್, ಒಂದು ಟೋಪಿ. ಇದಕ್ಕಿಂತ ಹೆಚ್ಚು ಬೇಡ.

ರೈಲಿನಲ್ಲಿ ಹೋಗುವವರಿಗೆ ಎಸಿ ಬೋಗಿಯಲ್ಲಿ ಕಂಬಳಿ ಕೊಡುತ್ತಾರೆ. ಸ್ಲೀಪರಿನಲ್ಲಿ ಏನೂ ಇಲ್ಲ, ಕಿಟಕಿಯ ಸಂದಿಯಿಂದ ರಾತ್ರಿಯಿಡೀ ಗಾಳಿ. ಮಂಜಿನಿಂದ ರೈಲು ಗಂಟೆಗಟ್ಟಲೆ ತಡವಾಗುವುದು ಅಲ್ಲಿ ಮಾಮೂಲು, ವಿಮಾನವೂ ಅಷ್ಟೇ. ವಾಪಸು ಬರುವಾಗ "ಊರಿಗೇ ಹೋಗ್ತಿದ್ದೀವಲ್ಲ" ಅಂತ ಬೆಚ್ಚನೆ ಬಟ್ಟೆಯೆಲ್ಲ ದೊಡ್ಡ ಬ್ಯಾಗಿನ ತಳಕ್ಕೆ ತುರುಕಬೇಡಿ. ಪ್ಲಾಟ್‌ಫಾರಂ ಮೇಲೆ ಬ್ಯಾಗು ಬಿಚ್ಚಿ ಹುಡುಕುವುದು ನಾಚಿಕೆಗೇಡು.

ಹಿಮದ ಊರಿಗಾದರೆ

ಮಗನನ್ನೋ ಮಗಳನ್ನೋ ನೋಡಲು ಚಳಿಗಾಲದಲ್ಲಿ ಹೊರದೇಶಕ್ಕೆ ಹೋಗುವವರಿಗೆ ಲೆಕ್ಕ ತಿರುಗುಮುರುಗು. ಲಂಡನ್ನಿನ ಜನವರಿ ದಿಲ್ಲಿಗಿಂತ ಹೆಚ್ಚು ಚಳಿ, ಹಗಲೇ 8 ಡಿಗ್ರಿಯ ಆಸುಪಾಸು. ಜೊತೆಗೆ ಜಿಟಿಜಿಟಿ ಮಳೆ. ಅಲ್ಲಿಗೆ ನೀರು ತಡೆಯುವ ಜಾಕೆಟ್ ಬೇಕು, ಡೌನ್ ಬೇಡ. ನ್ಯೂಯಾರ್ಕಿನ ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ, ಕೆಲವು ದಿನ ಹಿಮ. ಅಲ್ಲಿಗೆ ಮಂಡಿಯುದ್ದದ ಡೌನ್ ಕೋಟು ಸರಿ. ಭಾವನ ಜಾಕೆಟ್ ಹುಟ್ಟಿದ್ದೇ ಅದಕ್ಕೆ. ಎರಡೂ ಕಡೆ ಮನೆ, ಬಸ್ಸು, ಅಂಗಡಿ ಎಲ್ಲದರ ಒಳಗೂ ಬಿಸಿ ಮಾಡಿರುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಕೋಟು ಬಿಚ್ಚಿ ಗೂಟಕ್ಕೆ ಹಾಕುತ್ತೀರಿ, ಆಮೇಲೆ ಇರುವುದು ಅಂಗಿಯೊಂದೇ. ಹಾಗಾಗಿ ಹೊರಗಿನದು ದಪ್ಪ, ಒಳಗಿನದು ತೆಳು. ಆ ಕೋಟನ್ನು ಇಲ್ಲಿ ಕೊಳ್ಳಬೇಡಿ. ನಮ್ಮ ಕಡೆ ಆಯ್ಕೆ ಕಡಿಮೆ, ಮರಳಿ ಬಂದ ಮೇಲೆ ಬೀರು ತುಂಬುವುದು ಬಿಟ್ಟರೆ ಉಪಯೋಗವೂ ಇಲ್ಲ. ಕರೆದುಕೊಂಡು ಹೋಗಲು ಬರುವ ಮಕ್ಕಳಿಗೇ ಒಂದು ಹಿಡಿದುಕೊಂಡು ಬರಲು ಹೇಳಿ.

ಮರಳಿ ಬಂದ ಮೇಲೆ

ದಿಲ್ಲಿಯ ಹೊಗೆ ಉಲ್ಲನ್ನಿನಲ್ಲಿ ಕೂತಿರುತ್ತದೆ, ಹಾಗೇ ಬೀರುವಿಗೆ ಹಾಕಬೇಡಿ. ಸ್ವೆಟರನ್ನು ಉಗುರುಬೆಚ್ಚನೆ ನೀರಿನಲ್ಲಿ ಅದ್ದಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿ. ತಂತಿಗೆ ನೇತುಹಾಕಿದರೆ ತೋಳು ಮೊಣಕಾಲು ಮುಟ್ಟುತ್ತದೆ. ಜರ್ಕಿನ್ ಪೂರ್ತಿ ಒಣಗಿದ ಮೇಲೆ ಸಡಿಲವಾಗಿ ಮಡಚಿ, ಬಿಗಿಯಾಗಿ ಕಟ್ಟಿ ವರ್ಷವಿಡೀ ಇಟ್ಟರೆ ಒಳಗಿನ ನಾರು ಮತ್ತೆ ಉಬ್ಬುವುದಿಲ್ಲ. ಸಂದಿಯಲ್ಲಿ ಒಣಗಿದ ಬೇವಿನ ಸೊಪ್ಪು ಇಟ್ಟರೆ ನುಸಿಗುಳಿಗೆಯ ವಾಸನೆಯಿಂದ ತಪ್ಪಿಸಿಕೊಳ್ಳಬಹುದು.

ಭಾವನ ಜಾಕೆಟನ್ನು ಡ್ರೈಕ್ಲೀನ್ ಮಾಡಿಸಿ ವಾಪಸು ಕೊಟ್ಟೆ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಟಿಬೆಟಿನವರ ಹತ್ತಿರ ಒಂದು ಒಳ್ಳೆಯ ಸ್ವೆಟರ್ ಬರುತ್ತಿತ್ತು.